ಸೀಟು ಮೆತ್ತಗಿದ್ದರೆ ಸಾಲದು

ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಹತ್ತಿರದ ನಮ್ಮ ಮನೆಯಿಂದ ಮೈಸೂರಿಗೆ ಸುಮಾರು 200 ಕಿಲೋಮೀಟರ್. ಆದೂರು ದಾಟಿ ಜಾಲ್ಸೂರು, ಅಲ್ಲಿಂದ ಸುಳ್ಯ, ಸಂಪಾಜೆ, ಘಾಟಿ ಹತ್ತಿ ಮಡಿಕೇರಿ, ಇಳಿದು ಕುಶಾಲನಗರ, ಆಮೇಲೆ ಪಿರಿಯಾಪಟ್ಟಣ, ಹುಣಸೂರು. ಕೆಲಸ ಮೈಸೂರಿನಲ್ಲಿ. ಅಪ್ಪ, ಅಮ್ಮ, ಅಡಿಕೆ ತೋಟ ಊರಿನಲ್ಲಿ. ಬಸ್ಸು ಇಲ್ಲ ಅಂತಲ್ಲ. ಆದರೆ ಸುಳ್ಯದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಬೈಕಿನವನು ಮನೆ ಸೇರಿ ಕಾಫಿ ಕುಡಿದಾಗಿರುತ್ತದೆ. ಹಾಗಾಗಿ ನನಗೆ ಬೈಕೇ ಗತಿ, ಬೈಕೇ ಖುಷಿ.

ಬೈಕು 350 ಸಿ.ಸಿ.ಯದ್ದು, ಒಂದು ಸಿಲಿಂಡರಿನದ್ದು. ಇಂಜಿನ್ ಬಗ್ಗೆ ದೂರಿಲ್ಲ, ಮೈಲೇಜ್ ಬಗ್ಗೆಯೂ ಇಲ್ಲ. ತಕರಾರು ಇದ್ದದ್ದು ಸೀಟಿನದ್ದು ಮಾತ್ರ. ಅದೂ ಮೊದಲ ಒಂದು ಗಂಟೆ ಏನೂ ಗೊತ್ತಾಗುತ್ತಿರಲಿಲ್ಲ. ಸುಳ್ಯದಲ್ಲಿ ಚೆನ್ನಾಗಿರುತ್ತಿದ್ದೆ, ಸಂಪಾಜೆಯಲ್ಲೂ ಚೆನ್ನಾಗಿರುತ್ತಿದ್ದೆ. ಘಾಟಿಯಲ್ಲಿ ಜೋಡುಪಾಲ, ಮದೆನಾಡು ದಾಟುವಾಗಲೂ ನೋವಿಲ್ಲ. ಕುಶಾಲನಗರ ಕಳೆದು ರಸ್ತೆ ನೇರವಾಯಿತೋ, ಶುರು. ಮೊದಲು ಬಿಸಿ, ಆಮೇಲೆ ಉರಿ, ಪಿರಿಯಾಪಟ್ಟಣ ಬರುವಾಗ ಕುಂಡೆ ಇದೆಯೋ ಇಲ್ಲವೋ ಅನ್ನುವಷ್ಟು ಮರಗಟ್ಟುವುದು. ಹುಣಸೂರಿನಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕುವುದನ್ನು ಯಾರಾದರೂ ನೋಡಿದರೆ ಪೊಲೀಸರು ವಿಚಾರಿಸಿ ಕಳಿಸಿದ್ದಾರೆ ಅಂದುಕೊಳ್ಳಬೇಕು.

ತಿರುವುಗಳ ರಸ್ತೆಯಲ್ಲಿ ಬಾರದ ನೋವು ಒಳ್ಳೆಯ ನೇರ ರಸ್ತೆಯಲ್ಲಿ ಯಾಕೆ ಬರಬೇಕು? ಘಾಟಿಯಲ್ಲಿ ನಾವು ಸುಮ್ನೆ ಕೂತಿರುವುದಿಲ್ಲ. ಎಡಕ್ಕೆ ವಾಲುತ್ತೇವೆ, ಬಲಕ್ಕೆ ವಾಲುತ್ತೇವೆ. ಬ್ರೇಕ್ ಹಿಡಿದಾಗ ಭಾರ ಕೈಗೆ ಹೋಗುತ್ತದೆ, ಗುಂಡಿ ಕಂಡರೆ ಫುಟ್‌ರೆಸ್ಟ್ ಮೇಲೆ ಸ್ವಲ್ಪ ಏಳುತ್ತೇವೆ. ಒಂದೇ ಜಾಗದ ಮೇಲೆ ಒತ್ತಡ ನಿಲ್ಲುವುದಿಲ್ಲ. ನೇರ ರಸ್ತೆಯಲ್ಲಿ ಎಂತದೂ ಇಲ್ಲ. ಕೂತಲ್ಲೇ ಕೂತು ಒಂದೇ ವೇಗದಲ್ಲಿ ಹೋಗುವುದು. ಈಗ ತಲಪ್ಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾದ ಮೇಲೆ ನಮ್ಮ ಕಡೆಯೂ ಅದೇ ಕಥೆ. ರಸ್ತೆ ಚೆನ್ನಾದಷ್ಟೂ ಸೀಟಿನ ಬಣ್ಣ ಬೇಗ ಬಯಲಾಗುತ್ತದೆ.

ಯಾರ ಹತ್ತಿರ ಹೇಳಿದರೂ ಒಂದೇ ಸಲಹೆ. "ಮೆತ್ತಗಿನ ಸೀಟು ಹಾಕಿಸು ಮಾರಾಯ." ಶೋರೂಮಿನಲ್ಲೂ ಅಷ್ಟೇ. ಹೆಬ್ಬೆರಳಿನಲ್ಲಿ ಒತ್ತಿ ತೋರಿಸುತ್ತಾರೆ, ನೋಡಿ ಸಾರ್ ಎಷ್ಟು ಸಾಫ್ಟ್ ಅಂತ. ಎರಡು ನಿಮಿಷ ಕೂತರೆ ಹಾಯೆನಿಸುತ್ತದೆ. ಆದರೆ ಸೀಟು ಹೇಗಿದೆ ಅಂತ ತೀರ್ಪು ಕೊಡುವುದು ಎರಡನೇ ಗಂಟೆ. ಅಂಗಡಿಯಲ್ಲಿ ಅಷ್ಟು ಹೊತ್ತು ಕೂರಲು ಯಾರು ಬಿಡುತ್ತಾರೆ?

ನನ್ನ ಭಾವ ಫಿಸಿಯೋಥೆರಪಿ ಓದಿದವನು. ಬೈಕಿನ ಹುಚ್ಚೂ ಇದೆ, ಅವನದು ಹಿಮಾಲಯನ್ 450. ಒಂದು ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಕೂತು ಅವನೇ ಬಿಡಿಸಿ ಹೇಳಿದ. ಕೂತಾಗ ಮೈಯ ಭಾರ ಬೀಳಬೇಕಾದ್ದು ಎರಡು ಮೂಳೆಗಳ ಮೇಲೆ. ಸೊಂಟದ ಮೂಳೆಯ ತೀರಾ ಕೆಳಗಿನ ತುದಿ ಅವು, ಎಡಕ್ಕೊಂದು, ಬಲಕ್ಕೊಂದು. ಗಟ್ಟಿ ಬೆಂಚಿನ ಮೇಲೆ ಕೂತು ಅಂಗೈಯನ್ನು ಅಡಿಗೆ ತೂರಿಸಿದರೆ ಕೈಗೆ ಚುಚ್ಚುತ್ತವೆ. ಭಾರ ಹೊರುವ ತಾಕತ್ತು ಇರುವುದು ಅವಕ್ಕೇ. ಅವುಗಳ ನಡುವಿನ ಜಾಗಕ್ಕೆ, ಬೆನ್ನುಮೂಳೆಯ ತುದಿಯ ಬಾಲದ ಮೂಳೆಗೆ, ತೊಡೆಯ ಒಳಬದಿಗೆ ಆ ತಾಕತ್ತಿಲ್ಲ. ಅಲ್ಲೆಲ್ಲ ನರ, ರಕ್ತನಾಳ ಹಾದುಹೋಗುತ್ತವೆ. ಸೀಟು ಅತಿಯಾಗಿ ಮೆತ್ತಗಿದ್ದರೆ ಆ ಎರಡು ಮೂಳೆಗಳು ಫೋಮಿನೊಳಗೆ ಹೂತುಹೋಗುತ್ತವೆ. ಆಗ ಸುತ್ತಲಿನ ಫೋಮು ಮೇಲೆದ್ದು ಒತ್ತಬಾರದ ಕಡೆ ಒತ್ತುತ್ತದೆ. ಇನ್ನೂ ಮುಳುಗಿದರೆ ಅಡಿಯ ಪ್ಲಾಸ್ಟಿಕ್ ತಟ್ಟೆಯೇ ತಾಗುತ್ತದೆ. ಮೊದಲ ಹತ್ತು ನಿಮಿಷ ಸುಖ ಕೊಟ್ಟ ಅದೇ ಮೆತ್ತನೆ ಆಮೇಲೆ ಕೈಕೊಡುವುದು ಹೀಗೆ.

ಆಮೇಲೆ ಅವನು ಮಾಡಿಸಿದ ಒಂದು ಪರೀಕ್ಷೆ ನನಗೆ ತುಂಬಾ ಹಿಡಿಸಿತು. ಒಳಗೆ ಅಲೆಅಲೆಯಾಗಿ ಇರುತ್ತದಲ್ಲ, ಆ ರಟ್ಟಿನ ಪೆಟ್ಟಿಗೆಯಿಂದ ಒಂದು ತುಂಡು ಕತ್ತರಿಸಿ ಸಿಮೆಂಟಿನ ಮೆಟ್ಟಿಲ ಮೇಲಿಟ್ಟ. ತೆಳು ಲುಂಗಿಯಲ್ಲಿ ಅದರ ಮೇಲೆ ಕೂತು, ಕಾಲು ಸ್ವಲ್ಪ ಎತ್ತಿ, ಹ್ಯಾಂಡಲ್ ಹಿಡಿದ ಹಾಗೆ ಮುಂದಕ್ಕೆ ಬಾಗಬೇಕು. ಎದ್ದು ನೋಡಿದರೆ ರಟ್ಟಿನಲ್ಲಿ ಎರಡು ಸಣ್ಣ ತಗ್ಗು. ಬೆಳಕಿಗೆ ಓರೆಯಾಗಿ ಹಿಡಿದರೆ ಸ್ಪಷ್ಟವಾಗಿ ಕಾಣುತ್ತದೆ. ಎರಡರ ನಡುವಿನ ಅಂತರ ಅಳೆದೆವು, ನನ್ನದು 12 ಸೆಂಟಿಮೀಟರ್. ಸೈಕಲ್ ಸೀಟು ಆರಿಸುವವರು ಇದೇ ಅಳತೆ ಹಿಡಿದು ಕೆಲಸ ಮಾಡುತ್ತಾರಂತೆ. ಅದೇ ರಟ್ಟನ್ನು ಬೈಕಿನ ಸೀಟಿನ ಮೇಲಿಟ್ಟಾಗ ಗುಟ್ಟು ಗೊತ್ತಾಯಿತು. ಸೀಟಿನ ಮೇಲ್ಮೈ ನಡುವಿನಲ್ಲಿ ಉಬ್ಬಿ ಎರಡೂ ಬದಿಗೆ ಇಳಿಜಾರಾಗಿತ್ತು. ನನ್ನ ಎರಡು ತಗ್ಗುಗಳು ಬರುತ್ತಿದ್ದದ್ದು ಸರಿಯಾಗಿ ಆ ಇಳಿಜಾರಿನಲ್ಲಿ. ಅಂದರೆ ಮೂಳೆಗೆ ಆಧಾರ ಇಲ್ಲ, ಉಬ್ಬು ಮಾತ್ರ ನಡುವಿಗೆ ಒತ್ತುತ್ತಿದೆ. ನೋಡಲು ದಪ್ಪಗಿದ್ದ ಸೀಟಿನಲ್ಲಿ ನನಗೆ ಉಪಯೋಗಕ್ಕೆ ಬರುವ ಚಪ್ಪಟೆ ಜಾಗ ಎರಡು ಬೆರಳಿನಷ್ಟೂ ಇರಲಿಲ್ಲ.

ಹೊಸ ಸೀಟಿಗೆ ದುಡ್ಡು ಹಾಕುವ ಮುಂಚೆ ಸೀಟಿನ ಮೇಲೆ ಹಾಕುವ ಹಾಸು, ಪ್ಯಾಡುಗಳನ್ನು ಎರವಲು ತಂದು ನೋಡುವ ಅಂತ ತೀರ್ಮಾನಿಸಿದೆ. ನಮ್ಮ ಕಡೆ ಎರವಲು ಕೊಡುವ ಬೈಕಿನವರಿಗೆ ಬರಗಾಲವಿಲ್ಲ.

ಮೊದಲನೆಯದು ಅಪ್ಪನ ಕಾಲದ ಉಪಾಯ, ಬೈರಾಸನ್ನು, ಅಂದರೆ ಟವೆಲನ್ನು, ನಾಲ್ಕು ಮಡಿಕೆ ಮಾಡಿ ಹಾಸುವುದು. ನಗಬೇಡಿ. ಬೆವರು ಹೀರುತ್ತದೆ, ಬಿಸಿಲಿಗೆ ಕಾದ ರೆಕ್ಸಿನ್ ತಾಗುವುದಿಲ್ಲ. ಒತ್ತಡಕ್ಕೆ ಮಾತ್ರ ಇದು ಮದ್ದಲ್ಲ. ಲಾರಿಯವರು ಹಾಕುವ ಮರದ ಮಣಿಯ ಹಾಸನ್ನೂ ಹಾಕಿ ನೋಡಿದೆ. ಗಾಳಿ ಆಡುತ್ತದೆ, ಮಳೆ ಬಂದರೆ ನೀರು ನಿಲ್ಲುವುದಿಲ್ಲ. ಆದರೆ ಬ್ರೇಕ್ ಹಿಡಿದಾಗಲೆಲ್ಲ ಅದು ಟ್ಯಾಂಕಿನ ಕಡೆ ಹೊರಡುತ್ತದೆ, ಅದರ ಜೊತೆ ನಾವೂ. ಲಾರಿಯಲ್ಲಿ ಬೆನ್ನಿಗೆ ಆಸರೆ ಉಂಟು. ಬೈಕಿನಲ್ಲಿ ಇಲ್ಲ.

ಜೆಲ್ ಪ್ಯಾಡ್ ಕುಂಬಳೆಯ ಗೆಳೆಯನದ್ದು. ಒತ್ತಿದರೆ ಫೋಮಿನ ಹಾಗೆ ಕುಗ್ಗುವುದಿಲ್ಲ, ಪಕ್ಕಕ್ಕೆ ಸರಿದು ಒತ್ತಡವನ್ನು ಹರಡುತ್ತದೆ. ಒಳ್ಳೆಯ ಸೀಟಿನ ಮೇಲೆ ತೆಳುವಾಗಿ ಇದ್ದರೆ ಸಣ್ಣ ನಡುಕ ನಿಜವಾಗಿಯೂ ಕಡಿಮೆಯಾಗುತ್ತದೆ. ಕೆಟ್ಟ ಆಕಾರದ ಸೀಟಿನ ಮೇಲೆ ಹಾಕಿದರೆ ಆ ಕೆಟ್ಟ ಆಕಾರವನ್ನೇ ಅನುಸರಿಸುತ್ತದೆ, ಉಬ್ಬು ಉಬ್ಬಾಗಿಯೇ ಉಳಿಯುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿ ಊಟಕ್ಕೆ ಹೋದಿರೋ ಮುಗಿಯಿತು. ಜೆಲ್ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಏಪ್ರಿಲ್ ತಿಂಗಳಲ್ಲಿ ಬದಿಯಡ್ಕ ಪೇಟೆಯಲ್ಲಿ ಬೈಕು ನಿಲ್ಲಿಸಿ ಬಂದು ಕೂತವನು ಮುಂದಿನ ಸಲ ನೆರಳು ಹುಡುಕಿಯೇ ನಿಲ್ಲಿಸುತ್ತಾನೆ.

ಎಲ್ಲಕ್ಕಿಂತ ಕುತೂಹಲದ್ದು ಗಾಳಿ ತುಂಬುವ ಕುಶನ್. ಸಣ್ಣ ಸಣ್ಣ ಗಾಳಿಯ ಗೂಡುಗಳು ಒಂದಕ್ಕೊಂದು ಸೇರಿಕೊಂಡಿರುತ್ತವೆ. ಒಂದು ಕಡೆ ಒತ್ತಿದರೆ ಗಾಳಿ ಇನ್ನೊಂದು ಕಡೆ ಹೋಗುತ್ತದೆ, ಹಾಗಾಗಿ ಭಾರ ಸಮವಾಗಿ ಹಂಚುತ್ತದೆ. ಹೆಚ್ಚಿನವರು ಇದನ್ನು ಬಲೂನಿನ ಹಾಗೆ ಬಿಗಿಯಾಗಿ ಊದುತ್ತಾರೆ, ಆಮೇಲೆ ಪ್ರಯೋಜನ ಇಲ್ಲ ಅನ್ನುತ್ತಾರೆ. ಕೂತ ಮೇಲೆ ವಾಲ್ವ್ ತಿರುಗಿಸಿ ಗಾಳಿ ಬಿಡಬೇಕು, ಕೆಳಗಿನ ಸೀಟಿಗೆ ಇನ್ನೇನು ತಾಗಬೇಕು ಅನ್ನುವಲ್ಲಿ ನಿಲ್ಲಿಸಬೇಕು. ಹಾಗೆ ಮಾಡಿದಾಗ ಹುಣಸೂರಿನ ತನಕ ನೋವೇ ಇಲ್ಲ, ಸತ್ಯ ಹೇಳುತ್ತಿದ್ದೇನೆ. ಆದರೆ ನಮ್ಮ ದಾರಿಗೆ ಇದರದ್ದೊಂದು ತಕರಾರು ಉಂಟು. ಮುಳ್ಳೇರಿಯದಲ್ಲಿ ಸರಿಮಾಡಿದ ಗಾಳಿ ಮಡಿಕೇರಿಯಲ್ಲಿ ಬಿಗಿಯಾಗಿರುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಎತ್ತರ. ಅಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆ, ಒಳಗಿನ ಗಾಳಿ ಹಿಗ್ಗುತ್ತದೆ. ಮೇಲೆ ಹೋಗಿ ಸ್ವಲ್ಪ ಬಿಟ್ಟರೆ ಊರಿಗೆ ಇಳಿದಾಗ ಸಡಿಲ. ಮೇಲಾಗಿ ಘಾಟಿಯ ತಿರುವಿನಲ್ಲಿ ಬೈಕು ಒಂದು ಕಡೆ, ನಾವು ಇನ್ನೊಂದು ಕಡೆ ತೇಲಿದ ಹಾಗಾಗುತ್ತದೆ. ಬೈಕು ಏನು ಮಾಡುತ್ತಿದೆ ಅಂತ ನಮಗೆ ತಿಳಿಯುವುದು ಕೂತ ಜಾಗದಿಂದಲೇ ಅಲ್ವಾ? ಅದು ಮಂಕಾದರೆ ನನಗೆ ಹೆದರಿಕೆ. ಬಯಲುಸೀಮೆಯಲ್ಲಿ ದಿನಗಟ್ಟಲೆ ನೇರ ಹೋಗುವವರಿಗೆ ಇದಕ್ಕಿಂತ ಒಳ್ಳೆಯದು ಇರಲಿಕ್ಕಿಲ್ಲ. ಸಂಪಾಜೆ ಘಾಟಿ ಹತ್ತುವವನಿಗಲ್ಲ.

ಕಂಪನಿಗಳೇ ಮಾರುವ ಟೂರಿಂಗ್ ಸೀಟು ಇನ್ನೊಂದು ದಾರಿ. ಅಗಲ ಜಾಸ್ತಿ, ಫೋಮು ದಪ್ಪ, ಹೊಲಿಗೆ ಚೆನ್ನಾಗಿರುತ್ತದೆ, ತಟ್ಟೆ ಸಮೇತ ಬರುವುದರಿಂದ ಬೇಕಾದಾಗ ಹಳೆಯದನ್ನೇ ಹಾಕಬಹುದು. ನೋಡಬೇಕಾದ್ದು ಎತ್ತರ. ಮೀಟಿಯೋರ್ 350ರ ಸೀಟು ನೆಲದಿಂದ 765 ಮಿಲಿಮೀಟರ್, ಕ್ಲಾಸಿಕ್ 350ರದ್ದು 805, ಭಾವನ ಹಿಮಾಲಯನ್ 450ರದ್ದು 825 ಅಥವಾ 845, ಎರಡರಲ್ಲಿ ಬೇಕಾದ್ದಕ್ಕೆ ಹೊಂದಿಸಬಹುದು. ಒಂದಿಂಚು ದಪ್ಪ ಸೇರಿದರೆ 25 ಮಿಲಿಮೀಟರ್ ಮೇಲೇರಿತು ಅಂತ ಲೆಕ್ಕ. ನಾನು ಐದೂವರೆ ಅಡಿಯವನು. ಮಳೆಗಾಲದಲ್ಲಿ ಜಾರುವ ಕೆಂಪು ಮಣ್ಣಿನ ಇಳಿಜಾರಿನಲ್ಲಿ, ಮನೆಯ ಗೇಟಿನ ಮುಂದೆ, ಎರಡೂ ಪಾದ ನೆಲಕ್ಕೆ ಸಿಗದಿದ್ದರೆ ಏನಾಗುತ್ತದೆ ಅಂತ ಗೊತ್ತಿದೆ. ಅಗಲವೂ ಎತ್ತರದ ಹಾಗೆಯೇ. ಮುಂಭಾಗ ಅಗಲವಾದರೆ ಕಾಲು ಹೊರಕ್ಕೆ ಹೋಗಿ ನೆಲ ಇನ್ನಷ್ಟು ದೂರವಾಗುತ್ತದೆ. ಹಿಂದೆ ಅಗಲ, ಮುಂದೆ ಸಪೂರ, ಅಂಚು ದುಂಡಗೆ. ಇಷ್ಟು ಇದ್ದರೆ ಎತ್ತರದ ಸೀಟೂ ಒಗ್ಗುತ್ತದೆ.

ಈ ನಡುವೆ ನನಗೊಂದು ಅನುಮಾನ ಬಂತು, ಎಲ್ಲ ಅಪರಾಧವೂ ಸೀಟಿನದ್ದೇನಾ? ಊರಿಗೆ ಬಂದಾಗ ಬೈಕಿನ ಹಿಂದೆ ಹಿಂಡಿ ಚೀಲ, ಗೊಬ್ಬರದ ಚೀಲ ಹೇರುವುದು ಉಂಟು. ಅದಕ್ಕೆ ಅಂತ ಹಿಂದಿನ ಶಾಕ್ ಅಬ್ಸಾರ್ಬರನ್ನು ಗ್ಯಾರೇಜಿನವರು ಅತ್ಯಂತ ಗಟ್ಟಿಯ ಹಂತಕ್ಕೆ ತಿರುಗಿಸಿ ಇಟ್ಟಿದ್ದರು. ಒಬ್ಬನೇ ಹೋಗುವಾಗ ಅದು ಅಲುಗುತ್ತಲೇ ಇರಲಿಲ್ಲ, ರಸ್ತೆಯ ಏಟು ಪೂರಾ ನೇರ ಬೆನ್ನಿಗೆ. ಟೂಲ್ ಕಿಟ್‌ನ ಸಿ-ಸ್ಪ್ಯಾನರ್ ಹಿಡಿದು ಮೆದುವಿನ ಕಡೆಗೆ ತಂದೆ. ಎರಡೂ ಕಡೆ ಒಂದೇ ಹಂತದಲ್ಲಿರಬೇಕು ಅಷ್ಟೆ. ನಾವು ಕೂತಾಗ ಹಿಂಭಾಗ, ಶಾಕ್ ಮೇಲೆ ಕೆಳಗೆ ಆಡುವ ಒಟ್ಟು ದೂರದ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಇಳಿದರೆ ಸರಿ. ಟಯರಿನ ಗಾಳಿಯನ್ನು ಕಂಪನಿ ಹೇಳಿದ್ದಕ್ಕೆ ತಂದೆ. ಪ್ಯಾಂಟಿನ ಹಿಂದಿನ ಜೇಬಿನಿಂದ ಪರ್ಸು ತೆಗೆದು ಬ್ಯಾಗಿಗೆ ಹಾಕಿದೆ. ಅದನ್ನು ಭಾವ ಗದರಿಸಿಯೇ ತೆಗೆಸಿದ್ದು. ಒಂದು ಬದಿಗೆ ದಪ್ಪ ಪರ್ಸು ಇಟ್ಟುಕೊಂಡು ಗಂಟೆಗಟ್ಟಲೆ ಕೂತರೆ ಸೊಂಟ ಓರೆಯಾಗಿ ಕಾಲಿನ ನರಕ್ಕೆ ಒತ್ತುತ್ತದೆ. ದಪ್ಪ ಹೊಲಿಗೆಯ ಜೀನ್ಸ್ ಬದಲು ಹೊಲಿಗೆ ಒತ್ತದ ಪ್ಯಾಂಟು. ಒಂದು ಪೈಸೆ ಖರ್ಚಿಲ್ಲದೆ ನೋವು ಎಷ್ಟೋ ಕಮ್ಮಿಯಾಯಿತು. ಪಿರಿಯಾಪಟ್ಟಣದಲ್ಲಿ ಬರುತ್ತಿದ್ದದ್ದು ಹುಣಸೂರಿಗೆ ಹೋಯಿತು. ಇನ್ನು ಉಳಿದದ್ದು ಸೀಟಿನ ಪಾಲು.

ಚೆರ್ಕಳದ ಹತ್ತಿರ ಒಬ್ಬರು ಕುಶನ್ ಕೆಲಸದವರಿದ್ದಾರೆ. ಆಟೋ, ಜೀಪು, ಬಸ್ಸು, ಸೋಫಾ, ಏನು ಕೊಟ್ಟರೂ ಮಾಡುತ್ತಾರೆ. ಮಲಯಾಳ, ಕನ್ನಡ, ತುಳು ಮೂರನ್ನೂ ಒಂದೇ ವಾಕ್ಯದಲ್ಲಿ ಮಾತಾಡುತ್ತಾರೆ. ಎಲ್ಲರೂ ಇಚ್ಚ ಎಂದು ಕರೆಯುತ್ತಾರೆ, ನಾನೂ. ಹೋದವನೇ ಮೆತ್ತಗೆ ಮಾಡಿಕೊಡಿ ಅನ್ನಲಿಲ್ಲ. ನೋವು ಎಲ್ಲಿ, ಎಷ್ಟು ಹೊತ್ತಿಗೆ ಬರುತ್ತದೆ ಅಂತ ಹೇಳಿ ರಟ್ಟಿನ ತುಂಡು ತೋರಿಸಿದೆ. ಅವರು ರಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, "ಇಷ್ಟು ವರ್ಷದಲ್ಲಿ ಕುಂಡೆಯ ಫೋಟೋ ತಂದವರು ನೀವೇ ಮೊದಲು" ಅಂದರು.

ಅವರ ಪ್ರಶ್ನೆಗಳು ಒಳ್ಳೆಯ ವೈದ್ಯರ ಪ್ರಶ್ನೆಗಳ ಹಾಗಿದ್ದವು. ಬಾಲದ ಮೂಳೆ ನೋಯುತ್ತದೋ? ಹಾಗಾದರೆ ನೀವು ಹಿಂದಕ್ಕೆ ಕುಸಿದು ಕೂರುತ್ತೀರಿ. ಮುಂದೆ ಮರಗಟ್ಟುತ್ತದೋ? ಸೀಟು ಟ್ಯಾಂಕಿನ ಕಡೆ ಇಳಿಜಾರು. ತೊಡೆಯ ಒಳಗೆ ಉರಿಯೋ? ಮುಂದಿನ ಅಂಚು ಅಗಲ. ಎರಡೇ ಜಾಗದಲ್ಲಿ ಚುಚ್ಚಿದ ಹಾಗೋ? ಫೋಮು ಸತ್ತಿದೆ. ಸೊಂಟ ಹಿಡಿಯುತ್ತದೋ? ಹ್ಯಾಂಡಲ್ ದೂರ ಆಯಿತು, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ, ಮೆಕ್ಯಾನಿಕ್ ಹತ್ತಿರ ಹೋಗಿ. ನನ್ನದು ಎರಡನೆಯದು ಮತ್ತು ನಾಲ್ಕನೆಯದು ಸೇರಿದ ಕೇಸು.

ಸೀಟು ಬಿಚ್ಚಿ ಮಗುಚಿ ಹಾಕಿದರು. ಚಪ್ಪಟೆ ಸ್ಕ್ರೂಡ್ರೈವರಿನಿಂದ ಒಂದೊಂದೇ ಪಿನ್ನು ಎತ್ತಿ ಇಕ್ಕುಳದಲ್ಲಿ ಎಳೆದರು. ಅರ್ಧಕ್ಕರ್ಧ ತುಕ್ಕು ಹಿಡಿದು ಅಲ್ಲೇ ಮುರಿದವು. ರೆಕ್ಸಿನ್ ಸುಲಿದಾಗ ಒಳಗಿಂದ ಬೂಷ್ಟಿನ ವಾಸನೆ. ಹೆಬ್ಬೆರಳಿನಿಂದ ಫೋಮು ಅದುಮಿದರು, ಬೆರಳಿನ ಸುತ್ತ ನೀರು ಒಸರಿತು. ಮಳೆ ನಿಂತು ಎರಡು ದಿನ ಆಗಿತ್ತು. "ಇದು ಆಟಿ ತಿಂಗಳ ಮಳೆ ಪೂರಾ ಕುಡಿದಿದೆ ಮಾರಾಯ್ರೆ" ಅಂದರು. ನೀರು ಎಲ್ಲಿಂದ ಹೋಗಿದ್ದು ಅಂತ ತೋರಿಸಿದರು, ಕೂರುವ ಜಾಗದ ನಡುವೆ ಚಂದಕ್ಕೆ ಹಾಕಿದ್ದ ಹೊಲಿಗೆಯ ಗೆರೆಗಳಿಂದ. ಸೂಜಿ ಹೋದಲ್ಲೆಲ್ಲ ತೂತು. ಕಾಸರಗೋಡಿನ ಮಳೆಗೆ ಅಷ್ಟು ತೂತು ಧಾರಾಳ ಸಾಕು. ಕೆಲಸ ಅಲ್ಲಿಗೇ ನಿಂತಿತು. ಒದ್ದೆ ಫೋಮಿಗೆ ಗಮ್ಮು ಹಿಡಿಯುವುದಿಲ್ಲ. ಬಿಸಿಲು ಬಂದ ಮೇಲೆ ಒಣಗಿಸಿ ಫೋನ್ ಮಾಡುತ್ತೇನೆ ಅಂದರು.

ಮುಂದಿನ ಸಲ ಹೋದಾಗ ಫೋಮುಗಳ ಪಾಠ ಆಯಿತು. ಅಂಗಡಿಯಲ್ಲಿ 32 ಡೆನ್ಸಿಟಿ, 40 ಡೆನ್ಸಿಟಿ ಅಂತ ಮಾರುತ್ತಾರಲ್ಲ, ಆ ಸಂಖ್ಯೆ ಒಂದು ಘನ ಮೀಟರ್ ಫೋಮು ಎಷ್ಟು ಕಿಲೋ ತೂಗುತ್ತದೆ ಅನ್ನುವುದು. ಜಾಸ್ತಿ ಇದ್ದಷ್ಟೂ ಬಾಳಿಕೆ ಜಾಸ್ತಿ. ಗಟ್ಟಿಯೋ ಮೆದುವೋ ಅನ್ನುವುದು ಬೇರೆ ಲೆಕ್ಕ, ಡೆನ್ಸಿಟಿ ಜಾಸ್ತಿ ಇದ್ದೂ ಮೆದುವಾಗಿರುವ ಫೋಮು ಇದೆ. ಮೆಮೊರಿ ಫೋಮಿನ ಬಗ್ಗೆ ಕೇಳಿದೆ. ಮೈಯ ಬಿಸಿಗೆ ಅದು ಮೆತ್ತಗಾಗಿ ಅಚ್ಚು ಹಿಡಿಯುತ್ತದೆ, ಮೇಲಿನ ಪದರಕ್ಕೆ ಆಗಬಹುದು, ಪೂರಾ ಅದನ್ನೇ ಹಾಕಿದರೆ ಅರ್ಧ ದಾರಿಯಲ್ಲಿ ತಟ್ಟೆಯ ಮೇಲೆ ಕೂತಿರುತ್ತೀರಿ ಅಂದರು. ಅವರು ಆರಿಸಿದ್ದು ರೀಬಾಂಡೆಡ್ ಫೋಮು. ಫೋಮಿನ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ್ದು, ಬಣ್ಣಬಣ್ಣದ ಚುಕ್ಕೆ ಇರುತ್ತದಲ್ಲ, ಅದು. ಭಾರ, ಗಟ್ಟಿ, ಬೇಗ ಕುಸಿಯುವುದಿಲ್ಲ. ಪರೀಕ್ಷೆಯೂ ಸುಲಭ. ತುಂಡನ್ನು ನೆಲಕ್ಕೆ ಹಾಕಿ ಒಂದು ಮಂಡಿಯೂರಿ ಪೂರಾ ಭಾರ ಬಿಡಬೇಕು. ಮಂಡಿಗೆ ನೆಲ ತಾಗಿದ ಹಾಗಾದರೆ ಆ ಫೋಮು ಬೇಡ. ಬೆರಳಿನಲ್ಲಿ ಒತ್ತಿ ನೋಡುವುದಕ್ಕಿಂತ ಇದು ಎಷ್ಟೋ ಮೇಲು.

ಮಾತಿನ ನಡುವೆ ಕಾಯರಿನ ವಿಷಯ ಬಂತು. ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಬೇಯಿಸಿ ಮಾಡುವ ಹಾಸು. ನಾರೂ ಇಲ್ಲಿನದೇ, ರಬ್ಬರೂ ಇಲ್ಲಿನದೇ. ಬೈಕಿಗೆ ಅದನ್ನೇ ಯಾಕೆ ಹಾಕಬಾರದು ಅಂತ ಕೇಳಿದೆ. ಗಾಳಿ ಆಡುತ್ತದೆ, ನೀರು ನಿಲ್ಲುವುದಿಲ್ಲ, ಎಲ್ಲ ಸರಿ. ಆದರೆ ಅದಕ್ಕೆ ದಪ್ಪ ಬೇಕು, ಬೈಕಿನ ಸೀಟಿನ ಎರಡಿಂಚಿನಲ್ಲಿ ಅದು ಬೇಗ ಕೂತುಬಿಡುತ್ತದೆ ಅಂದರು. ನನ್ನ ಊರಭಿಮಾನ ಅಲ್ಲಿಗೆ ಮುಗಿಯಿತು.

ಕವರ್ ಇಲ್ಲದ ಸೀಟನ್ನು ಬೈಕಿಗೆ ಕೂರಿಸಿ ನನ್ನನ್ನು ಹತ್ತಿಸಿದರು. ಹ್ಯಾಂಡಲ್ ಹಿಡಿಯಿರಿ, ಕಾಲು ಮೇಲಿಡಿ, ಯಾವಾಗಲೂ ಕೂರುವ ಹಾಗೆ ಕೂರಿ, ಹೊಟ್ಟೆ ಒಳಗೆ ಎಳೆಯಬೇಡಿ. ಸ್ಕೆಚ್ ಪೆನ್ನಿನಲ್ಲಿ ಕುಂಡೆಯ ಸುತ್ತ ಗೆರೆ ಹಾಕಿದರು. ಇಳಿದ ಮೇಲೆ ರಟ್ಟಿನ ಅಳತೆ ನೋಡಿ ಎರಡು ಗುರುತು. ಆ ಎರಡು ಗುರುತಿನ ಸುತ್ತ ಹ್ಯಾಕ್ಸಾ ಬ್ಲೇಡಿನಿಂದ ಹಳೆಯ ಫೋಮಿನ ಉಬ್ಬು ಕತ್ತರಿಸಿ ತೆಗೆದರು. ಬ್ಲೇಡಿಗೆ ಹಿಡಿ ಇಲ್ಲ, ಒಂದು ತುದಿಗೆ ಬಟ್ಟೆ ಸುತ್ತಿದ್ದರು, ಅಷ್ಟೆ. ಅಲ್ಲಿಗೆ ರೀಬಾಂಡೆಡ್ ತುಂಡು ಅಂಟಿಸಿದರು. ಎರಡೂ ಮುಖಕ್ಕೆ ಗಮ್ಮು ಹಚ್ಚಿ, ಮುಟ್ಟಿದರೆ ಅಂಟದಷ್ಟು ಆರಿದ ಮೇಲೆಯೇ ಒತ್ತಬೇಕು. ಹಸಿಯಿರುವಾಗ ಒತ್ತಿದರೆ ಮಧ್ಯ ಗಟ್ಟಿ ಗೆಡ್ಡೆಯಾಗುತ್ತದೆ. ಮುಂದೆ ಟ್ಯಾಂಕಿನ ಹತ್ತಿರ ಸ್ವಲ್ಪ ಏರಿಸಿ ಇಳಿಜಾರು ತೆಗೆದರು, ಅದೇ ಜಾಗದ ಎರಡು ಅಂಚನ್ನು ಸವರಿ ಸಪೂರ ಮಾಡಿದರು. ಕೊನೆಗೆ ಗ್ರೈಂಡರಿಗೆ ಉಜ್ಜು ಕಾಗದದ ಡಿಸ್ಕ್ ಹಾಕಿ ಉಜ್ಜಿದರು. ಅಂಗಡಿ ಪೂರಾ ಹಳದಿ ಪುಡಿ. ಅದರ ಮೇಲೆ ಅರ್ಧ ಇಂಚಿನ ಮೆದು ಫೋಮಿನ ಪದರ, ಕೆಳಗಿನ ಜೋಡಣೆಯ ಅಂಚು ತಾಗದಿರಲಿ ಅಂತ. ಮೆತ್ತನೆಯ ಪಾಲು ನನ್ನ ಸೀಟಿನಲ್ಲಿ ಅಷ್ಟೇ.

ನನಗೆ ಅವರ ಮೇಲೆ ಪೂರಾ ನಂಬಿಕೆ ಬಂದದ್ದು ಆಮೇಲೆ. ಹೊಸ ಕವರ್ ಹೊಲಿಯಲಿಲ್ಲ. ಹಳೆಯದನ್ನೇ ಮೇಲೆ ಎಳೆದು ನಾಲ್ಕಾರು ಪಿನ್ನು ಹೊಡೆದು, "ಜಾಲ್ಸೂರಿನ ತನಕ ಹೋಗಿ ಬನ್ನಿ. ಇಳಿಯಬೇಡಿ, ಚಾ ಕುಡಿಯಬೇಡಿ" ಅಂದರು. ಬೋವಿಕ್ಕಾನ, ಮುಳ್ಳೇರಿಯ, ಆದೂರು, ಜಾಲ್ಸೂರು, ಅಲ್ಲೇ ತಿರುಗಿಸಿ ವಾಪಸ್. ಮೂಳೆಗಳಿಗೆ ಆಧಾರ ಸಿಕ್ಕಿದ್ದು ಮುಳ್ಳೇರಿಯ ಬರುವಷ್ಟರಲ್ಲೇ ಗೊತ್ತಾಯಿತು. ಮುಂದಕ್ಕೆ ಜಾರುವುದು ನಿಂತಿತ್ತು. ಹಿಂದೆ ಬರುವಾಗ ಮಾತ್ರ ಬಾಲದ ಮೂಳೆಗೆ ಏನೋ ತಾಗಿದ ಹಾಗೆ. ಹೇಳಿದೆ. ಮತ್ತೆ ಬಿಚ್ಚಿದರು, ಹಿಂದಿನ ನಡುವಿನಲ್ಲಿ ಎರಡು ಬೆರಳಿನಗಲದ ಒಂದು ತೋಡು ಕೊರೆದರು. ಅಷ್ಟರಲ್ಲಿ ಸರಿಯಾಯಿತು. ಹೊಲಿದು ಮುಗಿಸಿ ಕೊಟ್ಟುಬಿಟ್ಟಿದ್ದರೆ ಈ ತಿದ್ದುಪಡಿ ಆಗುತ್ತಲೇ ಇರಲಿಲ್ಲ. ಎಲ್ಲಿ ಮಾಡಿಸಿದರೂ ಕವರ್ ಹಾಕುವ ಮುಂಚೆ ಓಡಿಸಲು ಕೇಳಿ. ಒಪ್ಪದ ಅಂಗಡಿಯಾದರೆ ಬೇರೆ ಅಂಗಡಿ ನೋಡಿ.

ಕವರಿಗೆ ಕೂರುವ ಜಾಗದಲ್ಲಿ ಹೊಲಿಗೆಯೇ ಬೇಡ ಅಂದೆ, ಎಲ್ಲ ಹೊಲಿಗೆ ಬದಿಗೆ ಹೋಯಿತು. ಫೋಮಿಗೂ ರೆಕ್ಸಿನಿಗೂ ನಡುವೆ ಒಂದು ಪ್ಲಾಸ್ಟಿಕ್ ಹಾಳೆ. ತಟ್ಟೆಯಲ್ಲಿ ನೀರು ಇಳಿಯುವ ತೂತನ್ನು ಮುಚ್ಚದೆ ಬಿಟ್ಟರು. ರೆಕ್ಸಿನ್ ತೀರಾ ನುಣುಪೂ ಅಲ್ಲ, ತೀರಾ ತರಿಯೂ ಅಲ್ಲ. ಹಿಡಿತ ಜಾಸ್ತಿಯಾದರೆ ಕೂತಲ್ಲಿಂದ ಸರಿಯಲು ಆಗುವುದಿಲ್ಲ. ಸರಿದು ಕೂರಲು ಬಿಡದ ಸೀಟು ಎಷ್ಟು ದುಬಾರಿಯದ್ದಾದರೂ ದಂಡ. ಹಳೆಯ ಯೆಜ್ಡಿ, ರಾಜದೂತ್‌ಗಳಿಗೆ ಉದ್ದದ ಚಪ್ಪಟೆ ಸೀಟು ಇರುತ್ತಿತ್ತಲ್ಲ, ಆ ಸುಖ ಈಗಿನ ಎರಡು ಹಂತದ ಸೀಟಿನಲ್ಲಿಲ್ಲ. ಬೇಕಾದಲ್ಲಿ ಹಿಂದೆ ಮುಂದೆ ಹೋಗಬಹುದಿತ್ತು. ಈಗಿನವು ಬಂದು ಕೂತವನನ್ನು ಅಲ್ಲೇ ಹಿಡಿದಿಡುತ್ತವೆ. ಖರ್ಚು ಒಟ್ಟು ಸೇರಿ ಕಂಪನಿಯ ಟೂರಿಂಗ್ ಸೀಟಿನ ಅರ್ಧಕ್ಕೂ ಕಡಿಮೆ.

ನನ್ನದು ಮುಗಿಯಿತು ಅನ್ನುವಾಗ ಹಿಂದಿನ ಸೀಟಿನವರ ಅರ್ಜಿ ಬಂತು. ನನ್ನ ಹೆಂಡತಿ ಮೈಸೂರಿನಿಂದ ಬರುವಾಗ ಚೂಡಿದಾರ ಹಾಕಿ ಎರಡೂ ಕಡೆ ಕಾಲು ಹಾಕಿ ಕೂರುತ್ತಾಳೆ. ಊರಿನಲ್ಲಿ ಮಧೂರು ದೇವಸ್ಥಾನಕ್ಕೋ ಮದುವೆಗೋ ಹೋಗುವಾಗ ಸೀರೆ, ಒಂದೇ ಬದಿ. "ನಿಮಗೆ ಮಾತ್ರ ಮೂಳೆ ಇರುವುದಾ?" ಅಂತ ಕೇಳಿದಳು. ನ್ಯಾಯವೇ. ಹಿಂದೆ ಕೂತವರು ಹೆಚ್ಚುಕಡಿಮೆ ಹಿಂದಿನ ಚಕ್ರದ ಮೇಲೆಯೇ ಇರುತ್ತಾರೆ, ಏಟು ಅವರಿಗೇ ಜಾಸ್ತಿ. ಗುಂಡಿ ಬರುವುದು ನಮಗೆ ಕಾಣುತ್ತದೆ, ಅವರಿಗೆ ಕಾಣುವುದಿಲ್ಲ. ಹಿಂದಿನ ಸೀಟನ್ನೂ ಇಚ್ಚನ ಹತ್ತಿರ ಕೊಟ್ಟೆ. ಅಲ್ಲಿ ಅಗಲಕ್ಕೆ ಆದ್ಯತೆ, ಮೇಲ್ಮೈ ಚಪ್ಪಟೆ, ಒಂದೇ ಬದಿ ಕೂತಾಗ ತೊಡೆಗೆ ಕತ್ತರಿಸದ ಹಾಗೆ ಎಡ ಅಂಚು ದುಂಡಗೆ. ಚಂದ ಕಾಣುವುದಿಲ್ಲ ಅಂತ ಹಿಡಿಕೆಯನ್ನು ತೆಗೆಸುವವರಿದ್ದಾರೆ. ಹಿಂದಿನವರಿಗೆ ಹಿಡಿಕೆ, ಫುಟ್‌ರೆಸ್ಟ್ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ನಿಯಮ ಇಲ್ಲದಿದ್ದರೂ ಸಂಪಾಜೆ ಘಾಟಿಯಲ್ಲಿ ಅದು ಬೇಕೇ ಬೇಕು. ಅವಳ ತೀರ್ಪು ಇನ್ನೂ ಪೂರ್ತಿ ಬಂದಿಲ್ಲ. ಮಡಿಕೇರಿಯ ತನಕ ಪಾಸು, ಅಲ್ಲಿಂದ ಮುಂದೆ ನೋಡುವ ಅಂದಿದ್ದಾಳೆ.

ಹೊಸ ಫೋಮು ಮೊದಮೊದಲು ಸ್ವಲ್ಪ ಗಟ್ಟಿಯೇ ಅನಿಸುತ್ತದೆ, ಕೆಲವು ವಾರ ಓಡಿಸಿದ ಮೇಲೆ ಹದಕ್ಕೆ ಬರುತ್ತದೆ. ಈಗ ಹುಣಸೂರು ದಾಟಿದರೂ ಬೈಕಿನಿಂದ ಇಳಿದು ಮನುಷ್ಯರ ಹಾಗೆ ನಡೆಯುತ್ತೇನೆ. ಆದರೂ ಗಂಟೆಗೊಮ್ಮೆ ನೇರ ರಸ್ತೆಯಲ್ಲಿ ಫುಟ್‌ರೆಸ್ಟ್ ಮೇಲೆ ಕಾಲೂರಿ ಸ್ವಲ್ಪ ಏಳುವುದು ಬಿಟ್ಟಿಲ್ಲ, ಸುಂಟಿಕೊಪ್ಪದಲ್ಲಿ ಚಾ ಬಿಟ್ಟಿಲ್ಲ. ಯಾವ ಸೀಟೂ ಅದಕ್ಕೆ ಬದಲಿಯಲ್ಲ.

ನನ್ನ ಸೀಟು ನೋಡಿ ಭಾವನಿಗೂ ಆಸೆಯಾಯಿತು. ಹಿಮಾಲಯನ್ ತೆಗೆದುಕೊಂಡು ಚೆರ್ಕಳಕ್ಕೆ ಬಂದ. ಇಚ್ಚ ಬೈಕಿನ ಹಿಂಭಾಗವನ್ನು ಎರಡೂ ಕೈಯಲ್ಲಿ ಒತ್ತಿದರು. ಅಲುಗಲಿಲ್ಲ. ಭಾವನನ್ನು ಕೂರಿಸಿ ಮತ್ತೆ ಒತ್ತಿದರು. ಆಮೇಲೆ ಬ್ಲೇಡನ್ನು ಡಬ್ಬಿಗೆ ಹಾಕಿ, "ಫೋಮು ಒಮ್ಮೆ ಕತ್ತರಿಸಿದರೆ ಮತ್ತೆ ಬೆಳೆಯುವುದಿಲ್ಲ. ಮೊದಲು ಶಾಕ್ ಲೂಸ್ ಮಾಡಿಸಿ, ಒಂದು ತಿಂಗಳು ಓಡಿಸಿ ಬನ್ನಿ" ಅಂತ ಕಳಿಸಿಬಿಟ್ಟರು. ಊರಿಗೆಲ್ಲ ಪಾಠ ಹೇಳಿದ ಭಾವ ಅವತ್ತು ದಾರಿಯುದ್ದಕ್ಕೂ ನನ್ನ ಹತ್ತಿರ ಮಾತಾಡಲಿಲ್ಲ.